ನಾಲ್ಕನೇ ಕ್ಲಿಕ್ಕಿಗೆ ಸರಿ

ಆ ಪ್ರಕಟಣೆ ಮೊದಲು ಕಂಡದ್ದು ಅವಳ ಭಾವನ ಕಣ್ಣಿಗೆ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಭಾವ ಪೇಪರನ್ನು ಟೆಂಡರ್ ನೋಟಿಸನ್ನೂ ಬಿಡದೆ ಓದುತ್ತಿದ್ದ.

"ಶಾಲೇಲಿ ಕೂತು ನೋಡೋರು ಬೇಕಂತೆ. ಕಂಪ್ಯೂಟರಿಂದ ಮಕ್ಕಳು ಕಲೀತಾರೋ ಇಲ್ವೋ ಅಂತ ಸಂಶೋಧನೆಯಂತೆ. ತರಗತಿಯಲ್ಲಿ ಮಾತಾಡೋ ಹಾಗಿಲ್ಲ ಅಂತ ಬೇರೆ ಬರ್ದಿದಾರೆ," ಎಂದು ನಾದಿನಿಗೆ ಓದಿ ಹೇಳಿದ. "ಸುಮ್ನೆ ಕೂರೋಕೂ ಸಂಬಳ ಕೊಡೋ ಕಾಲ ಬಂತು ನೋಡು. ನಿಮ್ಮಕ್ಕನಿಗೆ ಮಾತ್ರ ಈ ಕೆಲಸ ಸಿಗಲ್ಲ."

ಅಕ್ಕ ಒಳಗಿಂದಲೇ, "ಕೇಳಿಸ್ತು," ಎಂದಳು.

ನಾದಿನಿಗೆ ಆಗ ನಲವತ್ತೇಳು. ಇಪ್ಪತ್ತೆರಡು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸಿದವಳು. ಹನ್ನೆರಡು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುವಾಗ ಕಿಟಕಿಯ ಕಡೆ ಮುಖ ಮಾಡಿ ನಿಂತೇ, "ಐದನೇ ಮೆಷಿನ್, ಕಿರುಬೆರಳು ಎಲ್ಲಿ ಹೋಯ್ತು?" ಎಂದು ಕೇಳುತ್ತಿದ್ದಳು. ಕಲಿಯಲು ಬರುವವರು ಹನ್ನೆರಡರಿಂದ ಎರಡಕ್ಕೆ ಇಳಿದಾಗ ಮಾಲೀಕರು ಬಾಗಿಲು ಹಾಕಿದರು. ಅಂದಿನಿಂದ ಅವಳು ಅಕ್ಕನ ಮನೆಯಲ್ಲೇ ಇದ್ದು ಒಂದು ವರ್ಷದಲ್ಲಿ ಅಕ್ಕನ ಬೀರುವನ್ನು ಆರು ಸಲ ಜೋಡಿಸಿಟ್ಟಿದ್ದಳು. ಏಳನೆಯ ಸಲಕ್ಕೆ ಅಕ್ಕ ಬೀರುವಿನ ಬೀಗದ ಕೈ ಬಚ್ಚಿಟ್ಟಳು.

ಸಂದರ್ಶನ ಮಾಡಿದ್ದು ಸಂಶೋಧನೆಯ ಮುಖ್ಯಸ್ಥೆ. ಕಚೇರಿಯಲ್ಲಿ ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಸುಮ್ನೆ ಕೂರೋಕೆ ಬರುತ್ತಾ?"

"ಇಪ್ಪತ್ತೆರಡು ವರ್ಷ ಮಾತಾಡಿ ಮುಗಿಸಿದೀನಿ ಮೇಡಂ," ಎಂದಳು ಅವಳು. ಕೆಲಸ ಸಿಕ್ಕಿತು.

ಒಟ್ಟು ಇಪ್ಪತ್ತು ಶಾಲೆಗಳು. ಹತ್ತಕ್ಕೆ ಕಂಪ್ಯೂಟರ್ ಕೋಣೆ ಕೊಟ್ಟಿದ್ದರು, ಹತ್ತಕ್ಕೆ ಕೊಟ್ಟಿರಲಿಲ್ಲ. ಆರನೇ ತರಗತಿಯ ಗಣಿತವನ್ನು ಒಂದು ಕಡೆ ಪರದೆಯ ಮೇಲೆ, ಇನ್ನೊಂದು ಕಡೆ ಎಂದಿನಂತೆ ಬೋರ್ಡಿನ ಮೇಲೆ ಕಲಿಸಿ, ವರ್ಷದ ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಹೋಲಿಸುವುದು ಯೋಜನೆ. ನಡುವೆ ತರಗತಿಯಲ್ಲಿ ಏನಾಗುತ್ತದೆಂದು ನೋಡುವುದು ಅವಳಂಥವರ ಕೆಲಸ. ಎರಡು ನಿಮಿಷಕ್ಕೊಮ್ಮೆ ಒಂದೊಂದು ಮಗುವಿನ ಕಡೆ ನೋಡಿ ಹಾಳೆಯ ಚೌಕದಲ್ಲಿ ಒಂದಕ್ಷರ ಬರೆಯಬೇಕು. ಕೆಲಸ ಮಾಡುತ್ತಿದ್ದರೆ 'ಮಾ', ಪಕ್ಕದವರದನ್ನು ನೋಡುತ್ತಿದ್ದರೆ 'ನೋ', ಬೇರೆಲ್ಲೋ ಇದ್ದರೆ 'ಬೇ'. ಮಾತಾಡಬಾರದು, ಸಹಾಯ ಮಾಡಬಾರದು. ನೋಡುವವರು ಕೈಹಾಕಿದರೆ ಕಲಿಸಿದ್ದು ಕಂಪ್ಯೂಟರೋ ನೋಡುವವರೋ ತಿಳಿಯುವುದಿಲ್ಲ ಎಂದು ದೊಡ್ಡ ಮೇಡಂ ತರಬೇತಿಯಲ್ಲಿ ಮೂರು ಸಲ ಹೇಳಿದ್ದರು.

ಅವಳ ಪಾಲಿಗೆ ಬಂದ ನಾಲ್ಕು ಶಾಲೆಗಳಲ್ಲಿ ಗುರುವಾರದ ಶಾಲೆ ಒಂದು. ಮೊದಲ ಮಹಡಿಯ ಉದ್ದನೆಯ ಕೋಣೆ, ಹದಿನೈದು ಕಂಪ್ಯೂಟರು, ಮೂವತ್ತು ಮಕ್ಕಳು. ಒಂದು ಮೌಸಿಗೆ ಎರಡು ಕೈ. ಅವಳು ಹಿಂದಿನ ಗೋಡೆಗೆ ಒರಗಿ ತುಟಿಪಿಟಕ್ಕೆನ್ನದೆ ಕೂರುವುದನ್ನು ಕಂಡು ಮಕ್ಕಳು ಎರಡನೇ ವಾರಕ್ಕೇ 'ಸುಮ್ನಮ್ಮ' ಎಂದು ಹೆಸರಿಟ್ಟರು. "ಲೇ, ಸುಮ್ನಮ್ಮ ಬಂದ್ರು," ಎಂಬ ಪಿಸುಮಾತು ಮೆಟ್ಟಿಲಲ್ಲೇ ಕೇಳಿಸುತ್ತಿತ್ತು.

ಪ್ರತಿ ಪಾಠದ ಕೊನೆಗೆ ಹತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ. ತಪ್ಪು ಒತ್ತಿದರೆ ಕೆಂಪು ಗುರುತು. ಸರಿಯಾದದ್ದನ್ನು ಒತ್ತಿದರೆ ಒಂದು ಹಸಿರು ಗಿಳಿ ರೆಕ್ಕೆ ಬಡಿಯುತ್ತಿತ್ತು. ಎರಡನೇ ಸಾಲಿನಲ್ಲಿ ಕನ್ನಡಕದ ಹುಡುಗಿಯೊಬ್ಬಳಿದ್ದಳು. ಅವಳ ಗಿಳಿ ಪ್ರತಿವಾರ ಹತ್ತಕ್ಕೆ ಹತ್ತು ಸಲ ರೆಕ್ಕೆ ಬಡಿಯುತ್ತಿತ್ತು. ಕಂಪ್ಯೂಟರ್ ಮೇಷ್ಟ್ರು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ನಕ್ಷತ್ರ ಅಂಟಿಸುತ್ತಿದ್ದರು. ಸುಮ್ನಮ್ಮನ ಹಾಳೆಯಲ್ಲೂ ಅವಳಿಗೆ ಬರೀ 'ಮಾ'.

ಆದರೆ ಕಿವಿಗೆ ಬೇರೆಯೇ ಕೇಳುತ್ತಿತ್ತು. ಟಕ್, ಟಕ್, ಟಕ್, ಟಕ್. ಆಮೇಲೆ ಗಿಳಿ. ಪ್ರಶ್ನೆ ಓದುವಷ್ಟೂ ಬಿಡುವಿಲ್ಲ. ಹುಡುಗಿ ಮೇಲಿನಿಂದ ಕೆಳಕ್ಕೆ ನಾಲ್ಕನ್ನೂ ಒತ್ತಿಕೊಂಡು ಹೋಗುತ್ತಿದ್ದಳು. ಎಲ್ಲೋ ಒಂದು ಕಡೆ ಗಿಳಿ ಸಿಕ್ಕೇ ಸಿಗುತ್ತಿತ್ತು. ಕಿವಿಗೊಟ್ಟು ಕೂತರೆ ಕೋಣೆಯ ಅರ್ಧದಷ್ಟು ಮಕ್ಕಳದ್ದು ಇದೇ ಕಥೆ. ಹಾಳೆಯಲ್ಲಿ ಇದನ್ನು ಬರೆಯಲು ಚೌಕವಿರಲಿಲ್ಲ. ಅವಳು ಅಂಚಿನಲ್ಲಿ, ಯಾವ ಮಗು ಎಷ್ಟನೇ ಕ್ಲಿಕ್ಕಿಗೆ ಗಿಳಿ ಹಿಡಿಯಿತೆಂದು ಸಣ್ಣಕ್ಷರದಲ್ಲಿ ಗುರುತು ಹಾಕತೊಡಗಿದಳು. ಹಾಳೆಗಳು ಕಚೇರಿಗೆ ಹೋದವು. ಅಲ್ಲಿ ಚೌಕದೊಳಗಿನ ಅಕ್ಷರಗಳನ್ನಷ್ಟೇ ಕಂಪ್ಯೂಟರಿಗೆ ಹಾಕುತ್ತಿದ್ದರು. ಅಂಚು ಯಾರಿಗೂ ಬೇಕಿರಲಿಲ್ಲ.

ಭಿನ್ನರಾಶಿಯ ಪಾಠ ಶುರುವಾದ ವಾರ ಮೇಷ್ಟ್ರು ಎಂದಿನಂತೆ ಚಹಾಕ್ಕೆ ಕೆಳಗೆ ಹೋದಾಗ ಹುಡುಗಿ ಕುರ್ಚಿ ತಿರುಗಿಸಿದಳು.

"ಆಂಟಿ, ಎಂಟರಲ್ಲಿ ಒಂದು ದೊಡ್ಡದಾ, ನಾಲ್ಕರಲ್ಲಿ ಒಂದು ದೊಡ್ಡದಾ?"

ಸುಮ್ನಮ್ಮ ಹಾಳೆಯಿಂದ ತಲೆ ಎತ್ತಲಿಲ್ಲ. ಹುಡುಗಿ ಪರದೆಯ ಕಡೆ ತಿರುಗಿ, "ಎಂಟೇ ತಾನೆ ದೊಡ್ಡದು," ಎಂದು ತನಗೆ ತಾನೇ ಹೇಳಿಕೊಂಡು ಟಕ್ ಎಂದು ಒತ್ತಿದಳು. ಕೆಂಪು. ಟಕ್. ಗಿಳಿ.

ಅವತ್ತು ಊಟಕ್ಕೆ ಕೂತಾಗ ಅವಳು ಅಕ್ಕನ ಮುಂದೆ ಇದನ್ನು ಹೇಳಿದಳು. "ಹೇಳ್ಕೊಟ್ರೆ ನಿನ್ ಗಂಟೇನು ಹೋಗ್ತಿತ್ತು?" ಎಂದಳು ಅಕ್ಕ. "ನಿಯಮ ಅಕ್ಕ," ಎಂದಳು ಇವಳು.

ಮುಂದಿನ ಗುರುವಾರ ಹುಡುಗಿ ಅದೇ ಪ್ರಶ್ನೆ ಕೇಳಿದಳು. ಸುಮ್ನಮ್ಮ ಬಾಗಿಲ ಕಡೆ ನೋಡಿದಳು. ತೊಡೆಯ ಮೇಲಿದ್ದ ಖಾಲಿ ಹಾಳೆ ತೆಗೆದು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಿಸಿ ಬಿಚ್ಚಿದಳು.

"ಎಷ್ಟು ಭಾಗ ಆಯ್ತು?"

"ನಾಲ್ಕು."

ಮತ್ತೆ ಮಡಿಸಿ, ಇನ್ನೊಂದು ಮಡಿಕೆ ಹಾಕಿ ಬಿಚ್ಚಿದಳು. "ಈಗ?"

ಹುಡುಗಿ ಬೆರಳಿಟ್ಟು ಎಣಿಸಿದಳು. "ಎಂಟು." ಆಮೇಲೆ ಒಂದು ಭಾಗದ ಮೇಲೆ ಬೆರಳಾಡಿಸಿ, "ಜಾಸ್ತಿ ಮಾಡಿದ್ರೆ ಚಿಕ್ಕದಾಗುತ್ತಲ್ಲ ಆಂಟಿ," ಎಂದಳು.

"ಯಾಕೆ ಅಂತ ಪಕ್ಕದವಳಿಗೆ ಹೇಳು," ಎಂದಳು ಸುಮ್ನಮ್ಮ. ಒಂದು ದಿನಕ್ಕೆ ನಿಂತಿದ್ದರೆ ಅದು ಕೈತಪ್ಪಿ ಆದ ಎಡವಟ್ಟು ಎನ್ನಬಹುದಿತ್ತು. ಆರು ವಾರ ನಡೆಯಿತು. ಮೇಷ್ಟ್ರು ಚಹಾಕ್ಕೆ ಹೋಗುವ ಹದಿನೈದು ನಿಮಿಷ, ಒಂದೊಂದು ವಾರ ಐದಾರು ಕುರ್ಚಿ ಹಿಂದಕ್ಕೆ ತಿರುಗುತ್ತಿದ್ದವು. ಆ ಹದಿನೈದು ನಿಮಿಷಗಳ ಚೌಕಗಳನ್ನು ಅವಳು ಖಾಲಿ ಬಿಟ್ಟಳು. ಸುಳ್ಳು ಅಕ್ಷರ ತುಂಬಲು ಮನಸ್ಸು ಒಪ್ಪಲಿಲ್ಲ. ಮಾಡಿದ್ದನ್ನು ಹೇಳಲು ಬಾಯಿ ಬರಲಿಲ್ಲ.

ವರ್ಷದ ಕೊನೆಯ ಪರೀಕ್ಷೆ ಮುಗಿದು ಅಂಕಗಳು ಬಂದವು. ದೊಡ್ಡ ಮೇಡಂ ಎಲ್ಲರನ್ನೂ ಸಭೆಗೆ ಕರೆದು ಗೋಡೆಯ ಮೇಲೆ ಅಂಕಗಳ ನಕ್ಷೆ ತೋರಿಸಿದರು. ಒಂದೊಂದು ಶಾಲೆಗೆ ಒಂದೊಂದು ಚುಕ್ಕಿ. ಕಂಪ್ಯೂಟರ್ ಇದ್ದ ಶಾಲೆಗಳಲ್ಲಿ ಒಂಬತ್ತರ ಚುಕ್ಕಿಗಳು ಕಂಪ್ಯೂಟರ್ ಇಲ್ಲದವುಗಳ ಜೊತೆ ಕಲೆತುಹೋಗಿದ್ದವು. ಹತ್ತನೆಯದು ಮೇಲೆ ಒಂಟಿಯಾಗಿತ್ತು.

"ನಿಮ್ಮ ಗುರುವಾರದ ಶಾಲೆ," ಎಂದರು ಮೇಡಂ ಅವಳ ಕಡೆ ತಿರುಗಿ. ಮುಖ ಅರಳಿತ್ತು. "ಇದನ್ನೇ ಮುಂದಿನ ವಾರ ಶಿಕ್ಷಣ ಇಲಾಖೆಯವರಿಗೆ ತೋರಿಸೋದು. ಸರಿಯಾಗಿ ಬಳಸಿದ್ರೆ ಏನಾಗುತ್ತೆ ಅಂತ ನೋಡಲಿ."

ಸುಮ್ನಮ್ಮ ಪೆನ್ನಿನ ಮುಚ್ಚಳ ಹಾಕಿದಳು. ಸಭೆ ಮುಗಿಯುವವರೆಗೆ ಕಾದಳು. ಎಲ್ಲರೂ ಎದ್ದುಹೋದ ಮೇಲೆ ಕುರ್ಚಿ ಬಿಟ್ಟೇಳದೆ ಹೇಳಿದಳು: "ಆ ಶಾಲೇಲಿ ನಾನು ಪಾಠ ಮಾಡಿದೀನಿ ಮೇಡಂ."

ದೊಡ್ಡ ಮೇಡಂ ವೈರು ಸುತ್ತುತ್ತಿದ್ದವರು ನಿಲ್ಲಿಸಿದರು. "ಎಷ್ಟು ದಿನ?"

"ಆರು ಗುರುವಾರ. ಭಿನ್ನರಾಶಿ ಒಂದೇ."

"ಪತ್ರಿಕೇಲಿ ಮೂರರಲ್ಲೊಂದು ಪಾಲು ಭಿನ್ನರಾಶಿನೇ ಇತ್ತು."

"ಗೊತ್ತು."

"ಮೂರು ಸಲ ಹೇಳಿದ್ದೆ ನಿಮಗೆ."

"ಹೇಳಿದ್ರಿ. ತಪ್ಪು ನಂದೇ. ಆದ್ರೆ ಒಂದು ಮಾತು ಮೇಡಂ, ಆ ಮಕ್ಕಳು ಓದ್ದೆ ಒತ್ತುತಿದ್ರು. ಹಾಳೆ ಅಂಚಲ್ಲಿ ಬರ್ದಿದೀನಿ, ಯಾರಾದ್ರೂ ನೋಡ್ಲಿ."

ಮೇಡಂ ರೇಗಲಿಲ್ಲ. ನಡೆದದ್ದನ್ನೆಲ್ಲ ದಿನಾಂಕ ಹಾಕಿ ಬರೆದುಕೊಡಿ ಎಂದರು, ನಾಳೆಯಿಂದ ಶಾಲೆಗಳಿಗೆ ಹೋಗುವುದು ಬೇಡ ಎಂದರು. ಬರೆದುಕೊಟ್ಟು ಅವಳು ಮನೆಗೆ ನಡೆದೇ ಹೋದಳು. ಸುದ್ದಿ ಕೇಳಿದ ಅಕ್ಕ ಬೀರುವಿನ ಬೀಗದ ಕೈ ತಂದು ಅವಳ ಮುಂದಿಟ್ಟಳು. ಅದಕ್ಕಿಂತ ಹೆಚ್ಚಿನ ಸಮಾಧಾನ ಆ ಮನೆಯಲ್ಲಿ ಯಾರಿಗೂ ಹೇಳಿ ಅಭ್ಯಾಸವಿರಲಿಲ್ಲ.

ಆ ಶಾಲೆಯನ್ನು ಲೆಕ್ಕದಿಂದ ಕೈಬಿಟ್ಟಾಗ ಕಂಪ್ಯೂಟರ್ ಇದ್ದ ಶಾಲೆಗಳಿಗೂ ಇಲ್ಲದವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಇಲಾಖೆಯವರ ಮುಂದೆ ದೊಡ್ಡ ಮೇಡಂ ಅದನ್ನೇ ಹೇಳಿದರು. ಅವರ ಮುಖಗಳು ಸಪ್ಪಗಾದವಂತೆ.

ಎರಡು ತಿಂಗಳಾದ ಮೇಲೆ ಕಚೇರಿಯಿಂದ ಫೋನು ಬಂತು. ಹೋಗಿ ನೋಡಿದರೆ ಅವಳ ಹಾಳೆಗಳೆಲ್ಲ ದೊಡ್ಡ ಮೇಡಂ ಮೇಜಿನ ಮೇಲೆ ಹರಡಿದ್ದವು.

"ಇದು ನೀವು ನೋಡಿ ಬರ್ದದ್ದಾ?"

"ಕೇಳಿ ಬರ್ದದ್ದು."

ಕಂಪ್ಯೂಟರ್ ತನ್ನೊಳಗೆ ಪ್ರತಿ ಕ್ಲಿಕ್ಕಿನ ಹೊತ್ತನ್ನೂ ಬರೆದಿಟ್ಟಿತ್ತು. ಕೊನೆಯ ಉತ್ತರ ಬಿಟ್ಟು ಬೇರೇನನ್ನೂ ಯಾರೂ ತೆಗೆದು ನೋಡಿರಲಿಲ್ಲ. ಈಗ ತೆಗೆಸಿ ಅವಳ ಅಂಚಿನ ಗುರುತುಗಳ ಪಕ್ಕಕ್ಕಿಟ್ಟರೆ ಹೆಚ್ಚುಕಡಿಮೆ ಒಂದೇ. ಹತ್ತೂ ಶಾಲೆಗಳಲ್ಲಿ, ಸರಿ ಎಂದು ಎಣಿಸಿದ್ದ ಉತ್ತರಗಳಲ್ಲಿ ಅರ್ಧಕ್ಕೆ ಹತ್ತಿರ ಎರಡನೆಯ, ಮೂರನೆಯ, ನಾಲ್ಕನೆಯ ಕ್ಲಿಕ್ಕಿನವು.

"ನಿಮ್ಮಿಂದ ಒಂದು ಶಾಲೆ ಹೋಯ್ತು," ಎಂದರು ಮೇಡಂ. "ಅದನ್ನ ನಾನು ಮರೆಯಲ್ಲ. ಆದ್ರೆ ನೀವು ಅಲ್ಲಿ ಮಾಡಿದ್ದನ್ನೇ ಈ ಸಲ ನಿಯಮ ಮಾಡಿ, ನಡೆಸಿ ನೋಡೋಣ ಅಂತಿದೀವಿ. ಅರ್ಧದಷ್ಟು ಶಾಲೆಗಳಲ್ಲಿ ಬರೀ ಕಂಪ್ಯೂಟರ್. ಇನ್ನರ್ಧದಲ್ಲಿ ವಾರಕ್ಕೆ ಹದಿನೈದು ನಿಮಿಷ ಪಕ್ಕದಲ್ಲೊಬ್ರು ಕೂತು, ಯಾಕೆ ಅಂತ ಕೇಳೋದು. ಅವರಿಗೆ ನೀವು ತರಬೇತಿ ಕೊಡಬೇಕು."

ಅವಳು ಒಪ್ಪಿದಳು. ಕಂಪ್ಯೂಟರ್ ಪ್ರಶ್ನೆ ಕೇಳುವ ರೀತಿಯನ್ನೂ ಬದಲಿಸಿದರು. ತಪ್ಪು ಒತ್ತಿದರೆ ಆ ಪ್ರಶ್ನೆ ಹೋಗಿ ಬೇರೆಯದು ಬರುತ್ತಿತ್ತು. ಕನ್ನಡಕದ ಹುಡುಗಿ ಅಷ್ಟು ಹೊತ್ತಿಗೆ ಬೇರೆ ಊರಿಗೆ ಹೋಗಿದ್ದಳು. ಲಾರಿ ಓಡಿಸುತ್ತಿದ್ದ ಅವಳಪ್ಪನಿಗೆ ಅಲ್ಲಿ ಕೆಲಸ ಸಿಕ್ಕಿತ್ತಂತೆ. ಅವಳು ಮುಂದೆ ಏನು ಓದಿದಳೋ ಸುಮ್ನಮ್ಮನಿಗೆ ತಿಳಿಯಲಿಲ್ಲ.

ಎರಡನೆಯ ವರ್ಷದ ಕೊನೆಗೆ ಫಲಿತಾಂಶ ಬಂತು. ಪಕ್ಕದಲ್ಲೊಬ್ಬರು ಕೂತ ಶಾಲೆಗಳ ಮಕ್ಕಳು ನೂರಕ್ಕೆ ಆರೇಳು ಅಂಕ ಮುಂದಿದ್ದರು. ಬೆರಗಾಗುವಂಥದ್ದೇನಲ್ಲ, ತಳ್ಳಿಹಾಕುವಂಥದ್ದೂ ಅಲ್ಲ. ಎರಡು ಶಾಲೆಗಳಲ್ಲಿ ಮಾತ್ರ ಎಳ್ಳಷ್ಟೂ ಬದಲಾವಣೆಯಿರಲಿಲ್ಲ. ಕಾರಣ ತಿಳಿದುಕೊಂಡು ಬರಲು ದೊಡ್ಡ ಮೇಡಂ ಅವಳನ್ನೇ ಕಳಿಸಿದರು.

ಮೊದಲ ಶಾಲೆಯಲ್ಲಿ ಪಕ್ಕ ಕೂರುತ್ತಿದ್ದವಳು ಹೊಸದಾಗಿ ಕೆಲಸಕ್ಕೆ ಸೇರಿದ್ದ, ಅಲ್ಲಿನದೇ ಮಗುವೊಂದರ ತಾಯಿ. ಅವಳು ಮಕ್ಕಳ ಕಷ್ಟ ನೋಡಲಾರದೆ ಹದಿನೈದು ನಿಮಿಷವೂ ಉತ್ತರಗಳನ್ನು ಹೇಳಿಕೊಡುತ್ತಿದ್ದಳು.

"ಪಾಪ ಅಕ್ಕ, ಬಾಯಿ ಬಾಯಿ ಬಿಡ್ತಾವೆ," ಎಂದಳು ಅವಳು.

"ಹೂಂ, ಬಿಡ್ತಾವೆ," ಎಂದು ಸುಮ್ನಮ್ಮ ಕುರ್ಚಿ ಎಳೆದುಕೊಂಡಳು. "ನೀವು ವಾರವಾರ ಬರ್ದಿಟ್ಟ ಹಾಳೆ ಕೊಡಿ ಇಲ್ಲಿ. ಉತ್ತರ ಹೇಳೋ ಬದಲು ಎಲ್ಲೆಲ್ಲಿ ಯಾಕೆ ಅಂತ ಕೇಳಬಹುದಿತ್ತು, ಮೊದಲಿಂದ ನೋಡೋಣ."