ಸ್ಕೂಟರ್ ಟೀಚರ್ ಶಿವರುದ್ರಮ್ಮನವರ ಹೃದಯ

ಮರಳೂರಿನ ಹೊಸ ಬಡಾವಣೆಯಲ್ಲಿ ಸ್ಕೂಟರ್ ಓಡಿಸುವ ಹೆಂಗಸರಲ್ಲಿ ಬಹುಪಾಲು ಜನ ಶಿವರುದ್ರಮ್ಮನವರ ಶಿಷ್ಯೆಯರೇ. ಬ್ಯಾಂಕಿನವರು, ಶಾಲೆಯ ಮೇಡಮ್ಮುಗಳು, ಸೊಸೆಯ ಜತೆ ತಾವೂ ಕಲಿಯುತ್ತೇವೆಂದು ಹಟ ಹಿಡಿದು ಬಂದ ಅತ್ತೆಯರು, ಎಲ್ಲರ ಹಿಂದೆಯೂ ಅವರು ಸೀಟು ಹಿಡಿದು ಓಡಿದವರು. "ಕಣ್ ಮುಚ್ಬ್ಯಾಡ ಕಣೇ, ಬ್ರೇಕ್ ಹಿಡಿ!" ಎಂಬ ಅವರ ಕೂಗು ಬೀದಿಗೆಲ್ಲ ಕೇಳುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಹಾಗೆ ಓಡುತ್ತಿದ್ದಾಗಲೇ ಎದೆ ಹಿಂಡಿದಂತಾಗಿ ರಸ್ತೆಯಲ್ಲೇ ಕುಸಿದು ಕೂತರು. ಅಂದು ಕಲಿಯುತ್ತಿದ್ದ ರೂಪಶ್ರೀ ಸ್ಕೂಟರನ್ನು ಅಲ್ಲೇ ಬಿಟ್ಟು, ಆಟೊ ನಿಲ್ಲಿಸಿ, ಅವರನ್ನು ಆಸ್ಪತ್ರೆಗೆ ಸೇರಿಸಿದಳು. ವೈದ್ಯರು ಮುಚ್ಚಿಹೋಗಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ಜೀವ ಉಳಿಯಿತು.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಹೃದಯದ ಬಲ ಕುಗ್ಗಿದೆ ಎಂದು ಎಕೋ ಪರೀಕ್ಷೆಯಲ್ಲಿ ಬಂದಿತ್ತು. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ದಣಿದು, ಈಗ ಅದನ್ನು ಬಿಟ್ಟು ಮನೆಯಲ್ಲಿದ್ದ ಗಂಡ ಸದಾಶಿವಯ್ಯ ಸ್ಕೂಟರಿನ ಕೀಲಿಯನ್ನೇ ಬಚ್ಚಿಟ್ಟರು. ಕುಣಿಗಲ್ಲಿನಿಂದ ಬಂದ ತಂಗಿ ಬಾಗಿಲಲ್ಲೇ ಗೋಳೋ ಎಂದಳು.

"ಬದ್ಕಿದೀನಿ ಕಣೇ! ಮೊದ್ಲು ಕಾಫಿ ಕುಡಿ, ಆಮೇಲ್ ಅಳು," ಎಂದರು ಶಿವರುದ್ರಮ್ಮ. ಆದರೂ ಇನ್ನು ಮೇಲೆ ತಾನು ಕುರ್ಚಿಗೆ ಅಂಟಿದವಳೇ ಏನೋ ಎಂಬ ಅಳುಕು ಒಳಗೆ ಕೊರೆಯುತ್ತಿತ್ತು.

ಆಸ್ಪತ್ರೆಯ ಹೃದ್ರೋಗ ತಜ್ಞೆ ಡಾಕ್ಟರ್ ಅನುಪಮಾ ಹೃದಯದ ಎಂಆರ್‌ಐ ಮಾಡಿಸಲು ಹೇಳಿದರು. "ಬಲ ಕುಗ್ಗಿರೋ ಭಾಗ ಸತ್ತೇ ಹೋಗಿದ್ಯೋ, ಏಟು ತಿಂದು ಮಂಕಾಗಿದ್ಯೋ, ಅದ್ರಲ್ಲಿ ಗೊತ್ತಾಗುತ್ತೆ. ಮುಂದೆ ಹೇಗಿರ್ತೀರಿ ಅಂತ ಅಂದಾಜು ಹೇಳ್ಬೋದು."

ಯಂತ್ರದ ಕೋಣೆಗೆ ಲೋಹ ಒಯ್ಯುವಂತಿರಲಿಲ್ಲ. ಬಳೆ, ತಾಳಿ ಬಿಚ್ಚಿಕೊಟ್ಟರು. ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯ ಮೇಲೆ ಮಾತ್ರ ಕೈ ನಿಂತುಬಿಟ್ಟಿತು. ದೀಕ್ಷೆಯಾದಂದಿನಿಂದ ಅದು ಎದೆ ಬಿಟ್ಟಿರಲಿಲ್ಲ. ಸದಾಶಿವಯ್ಯ ಎರಡೂ ಅಂಗೈ ಚಾಚಿದರು.

"ಕೆಳಗಿಡ್ಬ್ಯಾಡಿ."

"ನೀನ್ ಬರೋಗಂಟ ಕೈ ಅಲ್ಲಾಡ್ಸಲ್ಲ, ಹೋಗು."

ಒಳಗೆ ಯಂತ್ರ ಗುದ್ದಲಿ ಹಿಡಿದು ನೆಲ ಅಗೆಯುವವರಂತೆ ಸದ್ದು ಮಾಡಿತು. "ಉಸಿರು ಹಿಡೀರಿ... ಬಿಡಿ," ಎಂದು ಕಿವಿಯಲ್ಲಿ ಒಂದೇ ಸಮನೆ ಯಂತ್ರ ನಡೆಸುವವನ ಅಪ್ಪಣೆ. ಕಲಿಯುವವರ ಪಾಡು ಹೀಗೇ ಇರುತ್ತದಲ್ಲ ಎನ್ನಿಸಿ ಶಿವರುದ್ರಮ್ಮನವರಿಗೆ ನಗು ಬಂತು.

"ಅಮ್ಮಾ, ನಗ್ಬೇಡಿ! ಚಿತ್ರ ಕೆಡುತ್ತೆ!"

ಮುಂದಿನ ವಾರ ಅನುಪಮಾ ಪರದೆಯ ಮೇಲೆ ಆ ಚಿತ್ರ ತೋರಿಸಿದರು. ಕಪ್ಪು ಉಂಗುರದಂತೆ ಹೃದಯದ ಗೋಡೆ. ಅದರ ಒಳ ಅಂಚಿನಲ್ಲಿ ತೆಳ್ಳನೆಯ ಬಿಳಿ ಗೆರೆ.

"ಸ್ಕ್ಯಾನ್ ಮಾಡೋವಾಗ ಚುಚ್ಚಿದ ಔಷಧಿ ಗಾಯದ ಕಲೇಲಿ ನಿಲ್ಲುತ್ತೆ, ಅದೇ ಬೆಳ್ಳಗೆ ಕಾಣ್ತಿರೋದು. ನಿಮ್ದು ತೆಳುವಾಗಿದೆ. ಉಳಿದ ಮಾಂಸಕ್ಕೆ ಜೀವ ಇದೆ, ಚೇತರಿಸ್ಕೊಳ್ಳೋ ಸಾಧ್ಯತೆ ಚೆನ್ನಾಗಿದೆ. ಆದ್ರೆ ಇದು ಜಾತಕ ಅಲ್ಲ. ಮಾತ್ರೆ ತಪ್ಪಿಸ್ಬಾರ್ದು, ದಿನಾ ನಡೀಬೇಕು."

"ಕಲ್ಸೋದು?"

"ಕಲ್ಸಿ. ಹಿಂದೆ ಓಡೋದು ಮಾತ್ರ ಸದ್ಯಕ್ಕೆ ಬೇಡ."

"ಓಡ್ದೆ ಹೆಂಗ್ ಕಲ್ಸೋದು?"

ಸದಾಶಿವಯ್ಯ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ನಾನ್ ಓಡ್ತೀನಿ ಬುಡು."

ಅನುಪಮಾ ಸದಾಶಿವಯ್ಯನವರ ಹೊಟ್ಟೆಯನ್ನೊಮ್ಮೆ ನೋಡಿ, "ಮೊದ್ಲು ನಿಮ್ಮನ್ನ ಪರೀಕ್ಷೆ ಮಾಡ್ಬೇಕು, ಬನ್ನಿ ಇಲ್ಲಿ," ಎಂದರು. ಮೂವರೂ ನಕ್ಕರು.

ದಸರಾ ಹೊತ್ತಿಗೆ ಮಾಡಿದ ಎಕೋದಲ್ಲಿ ಹೃದಯದ ಬಲ ಏರಿತ್ತು. ಈಗ ಬೆಳಗ್ಗೆ ಮರಳೂರಿಗೆ ಹೋದರೆ ಹೊಂಗೆ ಮರದ ನೆರಳಲ್ಲಿ ಶಿವರುದ್ರಮ್ಮ ಕಾಣಸಿಗುತ್ತಾರೆ. ಪಂಚೆ ಬಿಟ್ಟು ಟ್ರ್ಯಾಕ್ ಪ್ಯಾಂಟ್ ತೊಟ್ಟ ಸದಾಶಿವಯ್ಯ ಸೀಟು ಹಿಡಿದು ಏದುಸಿರು ಬಿಡುತ್ತಾ ಓಡುತ್ತಿರುತ್ತಾರೆ. ಕಲಿಯುವವರಿಗಿಂತ ಹೆಚ್ಚು ಬೈಸಿಕೊಳ್ಳುವವರು ಅವರೇ.