ಕೆಚ್ಚಲು ಬಾವಿನ ಮದ್ದು ಮತ್ತು ನನ್ನ ಸುಳ್ಳು

ಇವತ್ತು ಶನಿವಾರ, ಒಪ್ಪೊತ್ತು. ಕೊಟ್ಟಿಗೆ ಬಾಚಿ, ಹಾಲು ಹಾಕಲು ಡೈರಿಗೆ ಹೋದೆ, ಸ್ನೇಹಿತರೇ. ಪಕ್ಕದ ಮನೆಯ ಮುನಿಯಮ್ಮ ತನ್ನ ಹಸುವಿನ ಕೆಚ್ಚಲು ಬಾವಿಗೆ ಮದ್ದು ಕೇಳುತ್ತಿದ್ದಳು. ಊರವರ ನಾಟಿ ಮದ್ದುಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸುತ್ತಿರುವ ಡೈರಿಯ ಶೋಭಾ ಹುಡುಕಿದಳು. ಹೋದ ತಿಂಗಳು ಶೋಭಾ ಇದೇ ಮದ್ದನ್ನು ಎಲ್ಲರೆದುರು ನನ್ನನ್ನು ಕೇಳಿದಾಗ ಗೊತ್ತಿಲ್ಲ ಎಂದಿದ್ದೆ. ಹೇಳಿದರೆ ಮದ್ದು ನಾಟುವುದಿಲ್ಲ ಎಂದು ನಮ್ಮತ್ತೆ ಆಣೆ ಹಾಕಿಸಿದ್ದರು.

"ಒಬ್ರು ತೆಲುಗಲ್ಲಿ ಪೊದುಗು ವಾಪು ಅಂದವ್ರೆ, ಇನ್ನೊಬ್ರು ತಮಿಳಲ್ಲಿ ಮಡಿ ವೀಕ್ಕಂ ಅಂದವ್ರೆ. ಎಲ್ಲಾ ಒಂದೇ ಕಾಯಿಲೆ, ಕೆಚ್ಚಲು ಬಾವು ಅಂತ ಕಂಪ್ಯೂಟರು ಜೋಡಿಸೈತೆ. ವಾಸಿ ಮಾಡಿದ್ದು ಲಕ್ಷ್ಮಕ್ಕ ಅಂತ ಇಬ್ರೂ ಏಳವ್ರೆ!" ಎಂದಳು ಶೋಭಾ.

ಸಾಲಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು.

"ದಿನಾ ದೇವ್ರು ದೇವ್ರು ಅಂತೀಯ, ಸುಳ್ಳು ಯಾಕೇಳ್ದೆ ಅಕ್ಕಾ?" ಎಂದಳು ಮುನಿಯಮ್ಮ.

ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚು ಎಂದು ಅಲ್ಲೇ ಹೇಳಿದೆ. ಅವಳು ಹಾಲಿನ ಕ್ಯಾನು ಎತ್ತಿಕೊಂಡು ಸರಸರ ನಡೆದುಬಿಟ್ಟಳು. ಬಾವು ಇಳಿಯಿತೇ ಎಂದು ಕೇಳಲು ನನಗೆ ಮುಖವಿಲ್ಲ. ಯಾರಾದರೂ ಕೇಳಿ, ಅವಳ ಉತ್ತರ ತಂದುಕೊಡಿ.