ಶಾಂತಾ ಕಾಕಿಯ ದನಿಯಲ್ಲಿ ಓಗೊಟ್ಟ ತಪ್ಪಿಗೆ

ಗೆಳೆಯರೇ, ಇಂದು ಮಧ್ಯಾಹ್ನ ಸಾಯಗಾಂವದ ತೊಗರಿ ಹೊಲದಲ್ಲಿ ನಾನು ಹುತಾತ್ಮನಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಒಂಟಿಯಾಗಿ ಹೊಲದಲ್ಲಿ ದುಡಿಯುವ ಶಾಂತಾ ಕಾಕಿಯ ಮೊಬೈಲಿಗೆ ರಕ್ಷಣೆಯ ಆ್ಯಪ್ ಹಾಕಿಕೊಡಲು ಹೋಗಿದ್ದೆ. ಕಾಕಿ ಬೇವಿನ ನೆರಳಲ್ಲಿ ನಿದ್ದೆಹೋಗಿದ್ದಳು. ಹಳದಿ ಹೂಗಳ ಮೇಲೆ ಬಿಸಿಲೂ ತೂಕಡಿಸುತ್ತಿತ್ತು. ಸುತ್ತಲ ಹೊಲಗಳಿಂದ ಹೆಂಗಸರ “ಹೋಯ್...” ಕೂಗು ಕನಸಿನಂತೆ ತೇಲಿಬಂತು. ಹೀಗೆ ಕೂಗಿ ಒಬ್ಬರ ಕ್ಷೇಮ ಇನ್ನೊಬ್ಬರು ತಿಳಿಯುವುದು ಅವರ ರೂಢಿ. ಕಾಕಿಯ ಸರದಿ ಬಂದಾಗ, ಅವಳ ನಿದ್ದೆ ಕೆಡಿಸುವುದೇಕೆಂದು ನಾನೇ ದನಿ ಸಣ್ಣಗೆ ಮಾಡಿ “ಹೋಯ್...” ಎಂದೆ.

ಎರಡೇ ನಿಮಿಷ. ಕುಡುಗೋಲು ಹಿಡಿದ ನಾಲ್ವರು ಹೆಂಗಸರು ತೊಗರಿ ಸೀಳಿಕೊಂಡು ಬಂದರು. “ಶಾಂತಕ್ಕನ ಹಂಗ ಒದರಿದಾಂವ ಯಾರೋ ನೀ?”

ಗದ್ದಲಕ್ಕೆ ಎದ್ದ ಕಾಕಿ, “ಬಿಡ್ರಿ, ನಮ್ಮ ಹುಡುಗನೇ ಅದಾನ” ಎಂದಳು. ನಾನು ಆ್ಯಪ್ ತೋರಿಸಿದೆ.

“ಇದಕ್ಕ ನನ್ನ ದನಿ ಗುರ್ತದ ಏನೋ?” ಎಂದಳು ಕಾಕಿ.

ಈಗ ನನ್ನ ರಕ್ಷಣೆಗೆ ಯಾವುದಾದರೂ ಆ್ಯಪ್ ಇದ್ದರೆ ದಯವಿಟ್ಟು ತಿಳಿಸಿ.